ಆಫ್ರಿಕಕ್ಕೆ ಹೊರಟ ಕನ್ನಡಿಗನೇ, ಅಲ್ಲಿ ನೀನೇ 'ಹೊರಗಿನವ'!

ಫಾರಿನ್ ಅಂದರೆ ನಮ್ಮ ಮನೆಗಳಲ್ಲಿ ಇವತ್ತಿಗೂ ಅಮೆರಿಕ, ಲಂಡನ್ನು, ಹೆಚ್ಚೆಂದರೆ ದುಬೈ. ಆದರೆ ನಮ್ಮ ಹುಡುಗರು ಸದ್ದಿಲ್ಲದೆ ಬೇರೆ ದಿಕ್ಕಿಗೂ ಹೊರಟಿದ್ದಾರೆ. ದಾರ್ ಎಸ್ ಸಲಾಮ್, ನೈರೋಬಿ, ಕಂಪಾಲ, ಲುಸಾಕ... ಮಶೀನು ರಿಪೇರಿಯವರು, ಲೆಕ್ಕಪತ್ರದವರು, ಔಷಧ ಕಂಪನಿಯವರು, ನನ್ನಂಥವರ ಕಸುಬಿನ ಪ್ರಿಂಟಿಂಗ್‌ನವರು. ಪಾಸ್‌ಪೋರ್ಟ್ ಕೈಗೆ ಬಂದ ಮೊದಲ ಸಲವೇ ಸಮಭಾಜಕ ವೃತ್ತ ದಾಟುವವರು. ಮೊಮ್ಮಗ ಆಫ್ರಿಕಕ್ಕೆ ಹೋಗುತ್ತಾನೆ ಅಂದರೆ ಮನೆಯ ಅಜ್ಜಿಗೆ ಎದೆ ಧಸಕ್ಕೆನ್ನುತ್ತದೆ. ಅಲ್ಲಿ ಹುಲಿ ಇರುತ್ತಂತಲ್ಲೋ ಅಂತ ಕೇಳುತ್ತಾಳೆ. ಇಲ್ಲ ಅಜ್ಜಿ, ಆಫ್ರಿಕದ ಕಾಡಿನಲ್ಲಿ ಹುಲಿಯೇ ಇಲ್ಲ, ಹುಲಿ ಇರೋದು ನಮ್ಮ ನಾಗರಹೊಳೆಯಲ್ಲಿ!

ಅಜ್ಜಿಯ ಪ್ರಶ್ನೆ ಬಿಡಿ, ಅದು ಪ್ರೀತಿಯ ಪ್ರಶ್ನೆ. ಹೊರಟ ಹುಡುಗರು ಕೇಳುವ ಪ್ರಶ್ನೆಗಳನ್ನು ನಾನು ಗಮನಿಸಿದ್ದೇನೆ. ಸಂಬಳ ಎಷ್ಟು? ಸೆಕೆ ಹೇಗೆ? ವೆಜ್ ಊಟ ಸಿಗುತ್ತಾ? ಕಳ್ಳರ ಕಾಟ ಇದೆಯಾ? ಎಲ್ಲಾ ಸರಿ. ಕೊನೆಗೆ ಒಂದು ಪ್ರಶ್ನೆ ಬರುತ್ತದೆ ನೋಡಿ, ಅದು ನನ್ನ ಹೊಟ್ಟೆಗೆ ಬೆಂಕಿ ಇಡುತ್ತದೆ. "ಅಲ್ಲಿ ಇಂಗ್ಲಿಷ್ ನಡೆಯುತ್ತೆ ತಾನೆ?"

ಈ ಮಾತನ್ನು ಎಲ್ಲೋ ಕೇಳಿದಂತಿದೆಯಲ್ಲವೇ? ಮೆಜೆಸ್ಟಿಕ್ಕಿನಲ್ಲಿ ರೈಲಿಳಿದವರು, ದೇವನಹಳ್ಳಿಯಲ್ಲಿ ವಿಮಾನ ಇಳಿದವರು ಕೇಳುವುದೂ ಇದನ್ನೇ. "ಬೆಂಗಳೂರಿನಲ್ಲಿ ಹಿಂದಿ ನಡೆಯುತ್ತೆ ತಾನೆ? ಇಂಗ್ಲಿಷ್ ನಡೆಯುತ್ತೆ ತಾನೆ?" ಹತ್ತು ವರ್ಷ ನಮ್ಮ ನೀರು ಕುಡಿದ ಮೇಲೂ ಆಟೋದವನ ಮುಂದೆ "ಕನ್ನಡ್ ಗೊತ್ತಿಲ್ಲ" ಎಂದು ನಗುತ್ತಾರೆ. ಆಗ ನಮ್ಮ ರಕ್ತ ಕುದಿಯುತ್ತದೆ. ಕುದಿಯಬೇಕಾದದ್ದೇ. ಆದರೆ ಅದೇ ನಾವು ವಿಮಾನ ಹತ್ತಿ ಇನ್ನೊಬ್ಬರ ನೆಲಕ್ಕೆ ಇಳಿದಾಗ ನಮ್ಮ ನಾಲಿಗೆಯಲ್ಲಿ ಬರುವ ಮೊದಲ ಮಾತು ಯಾವುದು? ಇವತ್ತು ನಾನು ಬರೆಯಹೊರಟದ್ದು ಅದನ್ನೇ. ತಾಂಜಾನಿಯಾವನ್ನು ಉದಾಹರಣೆಗೆ ಇಟ್ಟುಕೊಳ್ಳುತ್ತೇನೆ. ಯಾಕೆಂದರೆ ನನಗೆ ಗೊತ್ತಿರುವ ಹುಡುಗರು ಹೆಚ್ಚಾಗಿ ಹೋಗಿರುವುದು ಅಲ್ಲಿಗೆ. ಅದಲ್ಲದೆ ಭಾಷೆಯ ವಿಚಾರದಲ್ಲಿ ನಾವು ಕಣ್ಣುಬಿಟ್ಟು ನೋಡಬೇಕಾದ ದೇಶ ಅದು.

ತಾಂಜಾನಿಯಾದಲ್ಲಿ 120ಕ್ಕೂ ಹೆಚ್ಚು ಭಾಷೆಗಳಿವೆ. ಮೊದಲು ಜರ್ಮನರು ಆಳಿದರು, ಮೊದಲ ಮಹಾಯುದ್ಧದ ನಂತರ ಇಂಗ್ಲಿಷರು ಆಳಿದರು. 1961ರ ಡಿಸೆಂಬರ್ 9ರಂದು ತಾಂಗನೀಕ ಸ್ವತಂತ್ರವಾಯಿತು. 1964ರ ಏಪ್ರಿಲ್ 26ರಂದು ಜಾಂಜಿಬಾರ್ ದ್ವೀಪಗಳೂ ಸೇರಿಕೊಂಡು ಈಗಿನ ದೇಶವಾಯಿತು. ಆ ದೇಶ ಕಟ್ಟಿದ ಜೂಲಿಯಸ್ ನ್ಯೆರೆರೆ ಮೂಲತಃ ಶಾಲಾ ಮೇಷ್ಟ್ರು. ಜನ ಅವರನ್ನು ಇವತ್ತಿಗೂ 'ಮ್ವಾಲಿಮು' ಎನ್ನುತ್ತಾರೆ, ಅಂದರೆ ಮೇಷ್ಟ್ರು. ಈ ಮೇಷ್ಟ್ರು ದೇಶ ಆಳುತ್ತಲೇ ಶೇಕ್ಸ್‌ಪಿಯರನ 'ಜೂಲಿಯಸ್ ಸೀಸರ್' ಮತ್ತು 'ಮರ್ಚೆಂಟ್ ಆಫ್ ವೆನಿಸ್' ನಾಟಕಗಳನ್ನು ಸ್ವಾಹಿಲಿಗೆ ತಂದರು. ನಮ್ಮ ಭಾಷೆಯಲ್ಲಿ ದೊಡ್ಡ ವಿಚಾರ ಹೇಳಲು ಬರುವುದಿಲ್ಲ ಎನ್ನುವ ಗುಲಾಮಿ ಬುದ್ಧಿಗೆ ಅವರು ಕೊಟ್ಟ ಉತ್ತರ ಅದು. ಭಾಷಣ ಬಿಗಿದು ಮನೆಗೆ ಹೋಗಿ ಮಕ್ಕಳೊಂದಿಗೆ ಇಂಗ್ಲಿಷ್ ಮಾತಾಡುವ ನಮ್ಮ ಮಂತ್ರಿ ಮಹೋದಯರಿಗೆ ಇದನ್ನು ಯಾರಾದರೂ ಹೇಳಿ!

ಇಲ್ಲಿ ಒಂದು ಗಂಟಲಮುಳ್ಳು ಇದೆ. ನೀವು ಇದನ್ನೆಲ್ಲ ಹೇಳಿದ ಕೂಡಲೇ ಹಿಂದಿವಾದಿಯೊಬ್ಬ ಎದ್ದು ನಿಂತು ಕೇಳುತ್ತಾನೆ: "ನೋಡಿ, 120 ಭಾಷೆಯವರು ಒಂದು ಸ್ವಾಹಿಲಿಯನ್ನು ಒಪ್ಪಿದರಲ್ಲ, ನೀವು ಹಿಂದಿ ಒಪ್ಪಲು ಏನು ರೋಗ?" ತಡಬಡಾಯಿಸಬೇಡಿ. ತಾಂಜಾನಿಯಾದ ದೊಡ್ಡ ಬುಡಕಟ್ಟು ಸುಕುಮಾ. ಮೇಷ್ಟ್ರು ಸುಕುಮಾ ಭಾಷೆಯನ್ನು ಎಲ್ಲರ ಮೇಲೆ ಹೇರಲಿಲ್ಲ. ಸ್ವಾಹಿಲಿ ಕರಾವಳಿಯ ಮತ್ತು ದ್ವೀಪದ ಕೆಲವೇ ಜನರ ಮನೆಮಾತು, ಆದರೆ ವ್ಯಾಪಾರದ ದಾರಿ ಹಿಡಿದು ಒಳನಾಡಿನ ಸಂತೆಗಳಲ್ಲೆಲ್ಲ ಮೊದಲೇ ಹಬ್ಬಿದ್ದ ಭಾಷೆ. ಯಾವ ದೊಡ್ಡ ಗುಂಪಿಗೂ ಅದರಿಂದ ಪುಕ್ಕಟೆ ಲಾಭ ಇರಲಿಲ್ಲ, ಎಲ್ಲರೂ ಸಮನಾಗಿ ಕಲಿಯಬೇಕಿತ್ತು. ಅರ್ಧ ದೇಶದವರು ತಮ್ಮ ಮನೆಮಾತಿನಲ್ಲಿ ಪರೀಕ್ಷೆ ಬರೆದು ಕೆಲಸ ಗಿಟ್ಟಿಸಿ, ಉಳಿದವರು ಎರಡು ಭಾಷೆ ಹೆಚ್ಚಿಗೆ ಕಲಿತು ಅವರ ಹಿಂದೆ ಓಡುವ ಏರ್ಪಾಟು ಅದಲ್ಲ.

ಹಾಗಂತ ಅಲ್ಲಿ ಎಲ್ಲವೂ ಸ್ವರ್ಗ ಅಂತ ನಾನು ಹೇಳುವುದಿಲ್ಲ. ಸ್ವಾಹಿಲಿ ಬೆಳೆದ ನೆರಳಿನಲ್ಲಿ ಸಣ್ಣ ಸಣ್ಣ ಭಾಷೆಗಳು ಶಾಲೆಯಿಲ್ಲದೆ, ಪತ್ರಿಕೆಯಿಲ್ಲದೆ ಸೊರಗಿವೆ. ನಮ್ಮ ತುಳುವರು, ಕೊಡವರು ನಮ್ಮನ್ನು ಕೇಳುವ ಪ್ರಶ್ನೆಯನ್ನು ಅಲ್ಲಿಯೂ ಕೇಳುವವರಿದ್ದಾರೆ. ಇನ್ನೊಂದು ತಮಾಷೆ ನೋಡಿ. ಅಲ್ಲಿ ಏಳು ವರ್ಷದ ಪ್ರಾಥಮಿಕ ಶಾಲೆ ಸ್ವಾಹಿಲಿಯಲ್ಲಿ ನಡೆದುಬಂತು, ಹೈಸ್ಕೂಲಿಗೆ ಬಂದ ಕೂಡಲೇ ಎಲ್ಲಾ ಇಂಗ್ಲಿಷ್. ಮಕ್ಕಳು ಅಲ್ಲಿ ಮುಗ್ಗರಿಸುತ್ತವೆ. ದುಡ್ಡಿದ್ದವರು ಮೊದಲಿನಿಂದಲೇ ಇಂಗ್ಲಿಷ್ ಮೀಡಿಯಮ್ಮಿಗೆ ಸೇರಿಸುತ್ತಾರೆ. ಎಲ್ಲೋ ಕೇಳಿದ ಕಥೆ ಅನ್ನಿಸುತ್ತಿದೆಯೇ? ಆದರೂ ಕೋರ್ಟಿನ ವಿಚಾರದಲ್ಲಿ ನಮಗಿಂತ ಮುಂದೆ ಹೋದರು. 2021ರಲ್ಲಿ ಕಾನೂನು ತಿದ್ದಿ ನ್ಯಾಯಾಲಯದ ಭಾಷೆ ಸ್ವಾಹಿಲಿ ಅಂತ ಮಾಡಿದರು. 2022ರಲ್ಲಿ ಆಫ್ರಿಕ ಒಕ್ಕೂಟ ಸ್ವಾಹಿಲಿಯನ್ನು ತನ್ನ ಕೆಲಸದ ಭಾಷೆಗಳಲ್ಲಿ ಸೇರಿಸಿಕೊಂಡಿತು. ಯುನೆಸ್ಕೋ ಜುಲೈ 7ನ್ನು ಸ್ವಾಹಿಲಿ ದಿನ ಎಂದು ಗೊತ್ತು ಮಾಡಿತು. ಇಂಥ ಗೌರವ ಸಿಕ್ಕ ಮೊದಲ ಆಫ್ರಿಕದ ಭಾಷೆ ಅದು.

ಇಂಥ ನೆಲಕ್ಕೆ ಹೋಗಿ ಇಳಿದು "ಇಂಗ್ಲಿಷ್ ನಡೆಯುತ್ತೆ ತಾನೆ?" ಎನ್ನುತ್ತೀರಾ? ದೊಡ್ಡ ಹೋಟೆಲಿನಲ್ಲಿ, ವಿಮಾನ ನಿಲ್ದಾಣದಲ್ಲಿ ನಡೆಯುತ್ತದೆ. ಸಂತೆಯಲ್ಲಿ, ಬಸ್ಸಿನಲ್ಲಿ, ಕಾರ್ಖಾನೆಯ ಒಳಗೆ ನಡೆಯುವುದಿಲ್ಲ. ನಡೆಯಬೇಕಾದ ಅಗತ್ಯವೂ ಅವರಿಗಿಲ್ಲ.

ನಮ್ಮ ಪ್ರೆಸ್ಸಿನಲ್ಲಿ ಆರು ವರ್ಷ ಆಫ್‌ಸೆಟ್ ಮಶೀನು ಓಡಿಸಿದ ಹುಡುಗನೊಬ್ಬ ದಾರ್ ಎಸ್ ಸಲಾಮಿನ ಒಂದು ಪ್ರೆಸ್ಸಿಗೆ ಹೋದ. ಎಸ್ಸೆಸ್ಸೆಲ್ಸಿ ಓದಿದವನು, ಶ್ರೀರಾಂಪುರದವನು. ಬಣ್ಣ ಕಲಸುವುದರಲ್ಲಿ ಅವನ ಕೈ ಹಿಡಿಯುವವರಿಲ್ಲ. ಅಲ್ಲಿಯ ಮಾಲೀಕರು ಮೂರು ತಲೆಮಾರಿನಿಂದ ಅಲ್ಲೇ ಇರುವ ಭಾರತೀಯ ಮೂಲದವರು. ಮನೆಯಲ್ಲಿ ಗುಜರಾತಿ, ಇವನ ಜೊತೆ ಹಿಂದಿ. ಇವನಿಗೆ ಹಿಂದಿ ಅಷ್ಟಕ್ಕಷ್ಟೇ. ಮೊದಲ ದಿನ ಫೋರ್‌ಮನ್ ಸಂಜೆ ಹೋಗುವಾಗ ಎರಡು ಬೆರಳು ತೋರಿಸಿ "ನಾಳೆ ಸಾ ಮ್ಬಿಲಿ" ಅಂದನಂತೆ. 'ಮ್ಬಿಲಿ' ಅಂದರೆ ಎರಡು. ಇವನು ಮಾರನೇ ದಿನ ಸ್ನಾನ ಮಾಡಿ, ದೇವರಿಗೆ ಕೈಮುಗಿದು, ಊಟ ಮುಗಿಸಿ ಮಧ್ಯಾಹ್ನ ಎರಡಕ್ಕೆ ಹಾಜರು! ಫೋರ್‌ಮನ್ ಬೆಳಿಗ್ಗೆ ಎಂಟರಿಂದ ಕಾಯುತ್ತಿದ್ದ.

ವಿಚಾರ ಏನೆಂದರೆ ಸ್ವಾಹಿಲಿಯಲ್ಲಿ ದಿನದ ಲೆಕ್ಕ ಶುರುವಾಗುವುದು ನಡುರಾತ್ರಿಯಿಂದಲ್ಲ, ಬೆಳಗಾಗುವುದರಿಂದ. ನಮ್ಮ ಏಳು ಗಂಟೆ ಅವರಿಗೆ 'ಸಾ ಮೋಜ', ಅಂದರೆ ಒಂದು ಗಂಟೆ. ನಮ್ಮ ಎಂಟು ಅವರಿಗೆ ಎರಡು. ನಡುಮಧ್ಯಾಹ್ನ ಹನ್ನೆರಡು ಅವರಿಗೆ ಆರು, 'ಸಾ ಸಿತ'. ಸಮಭಾಜಕದ ಹತ್ತಿರದ ಊರಾದ್ದರಿಂದ ವರ್ಷವಿಡೀ ಸೂರ್ಯ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಹುಟ್ಟುತ್ತಾನೆ, ಆದ್ದರಿಂದ ಲೆಕ್ಕ ತಪ್ಪುವುದಿಲ್ಲ. ನಮ್ಮ ಹಿರಿಯರು ಸೂರ್ಯ ಹುಟ್ಟಿದ್ದರಿಂದ ಗಳಿಗೆ ಎಣಿಸುತ್ತಿದ್ದರಲ್ಲ, ಅದೇ ಬುದ್ಧಿ. ಇದು ವಿಚಿತ್ರವಲ್ಲ, ನಾವು ಮರೆತದ್ದು.

ಮೂರು ತಿಂಗಳು ಆ ಹುಡುಗ ಮಾಲೀಕರ ಮನೆಯ ಹಿಂದಿಯ ನೆರಳಲ್ಲೇ ಇದ್ದ. ಕೆಲಸಗಾರರೊಂದಿಗೆ ಕೈಸನ್ನೆ. ಆಮೇಲೆ ಅವನಿಗೇ ಬೇಸರ ಬಂತು. ಒಂದು ನೋಟ್‌ಬುಕ್ಕು ತೆಗೆದು ಕೇಳಿದ ಮಾತನ್ನೆಲ್ಲ ಕನ್ನಡ ಅಕ್ಷರದಲ್ಲಿ ಬರೆದುಕೊಳ್ಳತೊಡಗಿದ. ಗೆಳೆಯರೇ, ಇಲ್ಲಿ ಒಂದು ಸ್ವಾರಸ್ಯ ಇದೆ, ಸ್ವಲ್ಪ ತಾಳ್ಮೆಯಿಂದ ಓದಿ. ಸ್ವಾಹಿಲಿಯನ್ನು ಬರೆಯುವುದು ರೋಮನ್ ಅಕ್ಷರದಲ್ಲಾದರೂ ಅದು ಕೂರುವುದು ನಮ್ಮ ಅಕ್ಷರದಲ್ಲಿ. ಆಡಿದಂತೆ ಬರೆಯುವ ಭಾಷೆ. ಸ್ವರಗಳು ಐದೇ. ಪದಗಳು ಹೆಚ್ಚಾಗಿ ಸ್ವರದಿಂದಲೇ ಮುಗಿಯುತ್ತವೆ. ನಾವು ಬಸ್ಸನ್ನು 'ಬಸ್ಸು' ಮಾಡಿದೆವು, ಕಾರ್ಡನ್ನು 'ಕಾರ್ಡು' ಮಾಡಿದೆವು. ಅವರು ಬಸ್ಸನ್ನು 'ಬಾಸಿ' ಮಾಡಿದರು, ಕಾರ್ಡನ್ನು 'ಕಾಡಿ' ಮಾಡಿದರು, ಬ್ಯಾಂಕನ್ನು 'ಬೆಂಕಿ' ಮಾಡಿದರು! (ನಮ್ಮ ಹುಡುಗನಿಗೆ "ಬೆಂಕಿಗೆ ಹೋಗಿ ಬಾ" ಅಂದಾಗ ಏನನ್ನಿಸಿರಬೇಡ.) ಜರ್ಮನರು ಬಿಟ್ಟುಹೋದ ಪದದಿಂದ ಶಾಲೆಗೆ 'ಶೂಲೆ' ಅಂತ ಹೆಸರು. ಅರಬ್ಬಿಯ ಕಿತಾಬ್ ಅವರಲ್ಲಿ 'ಕಿತಾಬು'. ಹಲವು ಪುಸ್ತಕಗಳಾದರೆ 'ವಿತಾಬು'. ಬಂದ ಪದವನ್ನು ತಮ್ಮ ವ್ಯಾಕರಣದ ಮೂಗುದಾರ ಹಾಕಿ ಎಳೆದುಕೊಂಡಿದ್ದಾರೆ. ಪರಭಾಷೆಯ ಪದ ಬಂದರೆ ಭಾಷೆ ಸಾಯುತ್ತದೆ ಅಂತ ಅಳುವವರು ಇದನ್ನು ನೋಡಬೇಕು. ಭಾಷೆ ಸಾಯುವುದು ಪದ ಬಂದಾಗ ಅಲ್ಲ, ಆಡುವವನು ಬಾಯಿ ಮುಚ್ಚಿಕೊಂಡಾಗ.

ಇನ್ನೊಂದು. ನಮ್ಮ ವರ್ಣಮಾಲೆಯಲ್ಲಿ 'ಙ' ಮತ್ತು 'ಞ' ಎಂಬ ಎರಡು ಅನಾಥ ಅಕ್ಷರಗಳಿವೆ. ಒಂದನೇ ಕ್ಲಾಸಿನಲ್ಲಿ ಕಲಿತು ಜೀವಮಾನದಲ್ಲಿ ಮತ್ತೆ ಬರೆಯುವುದಿಲ್ಲ. ನಮ್ಮಪ್ಪನ ಕಾಲದ ಮೊಳೆ ಪೆಟ್ಟಿಗೆ ಇನ್ನೂ ನನ್ನ ಪ್ರೆಸ್ಸಿನ ಅಟ್ಟದ ಮೇಲಿದೆ. ಅದರಲ್ಲಿ 'ಅ', 'ದ', 'ರ' ಮೊಳೆಗಳೆಲ್ಲ ಸವೆದು ಮೊಂಡಾಗಿವೆ. 'ಙ' ಮಾತ್ರ ಫೌಂಡ್ರಿಯಿಂದ ನಿನ್ನೆ ಬಂದಂತೆ ಹೊಳೆಯುತ್ತದೆ! ಸ್ವಾಹಿಲಿಯಲ್ಲಿ ಹಸುವಿಗೆ 'ಙೊಂಬೆ'. ಮನೆಗೆ 'ಞುಂಬ'. ಮಾಂಸಕ್ಕೆ 'ಞಾಮ'. ಇಂಗ್ಲಿಷ್ ಓದಿದವನು ಈ ಪದಗಳನ್ನು ಹೇಳಲು ನಾಲಿಗೆ ತಿರುಚಿಕೊಳ್ಳುತ್ತಾನೆ, ಕಾಗುಣಿತ ಬಲ್ಲ ಕನ್ನಡದ ಹುಡುಗನಿಗೆ ಮೊದಲ ದಿನವೇ ಬರುತ್ತದೆ.

ವ್ಯಾಕರಣವೂ ಅಷ್ಟು ದೂರದ್ದಲ್ಲ. ನಾವು ಓದುತ್ತೇನೆ, ಓದುತ್ತೇವೆ, ಓದುತ್ತಾರೆ ಅಂತ ಪದಕ್ಕೆ ಬಾಲ ಜೋಡಿಸುತ್ತೇವೆ. ಅವರು ನಿನಸೋಮ, ತುನಸೋಮ, ವನಸೋಮ ಅಂತ ತಲೆ ಜೋಡಿಸುತ್ತಾರೆ. ನಮ್ಮದು ಹಿಂದೆ ಬೆಳೆಯುವ ರೈಲು, ಅವರದು ಮುಂದೆ ಬೆಳೆಯುವ ರೈಲು. 'ಗಾರಿ' ಅಂದರೆ ಗಾಡಿ, 'ದೂಕ' ಅಂದರೆ ಅಂಗಡಿ, 'ಪೇಸ' ಅಂದರೆ ದುಡ್ಡು, 'ಸೆರಿಕಾಲಿ' ಅಂದರೆ ಸರ್ಕಾರ. ನನ್ನ ಕಸುಬಿಗೆ ಅವರು ಇಟ್ಟ ಹೆಸರು ಕೇಳಿ ನಾನಂತೂ ಹಿರಿಹಿರಿ ಹಿಗ್ಗಿದೆ. ಅಚ್ಚು ಹಾಕುವುದಕ್ಕೆ 'ಚಾಪ'! ಹುಬ್ಬಳ್ಳಿ ಕಡೆಯ ಹಿರಿಯರು ಪ್ರೆಸ್ಸನ್ನು ಛಾಪಖಾನೆ ಎನ್ನುತ್ತಿದ್ದರಲ್ಲ, ಅದೇ ಛಾಪು ಹಡಗು ಹತ್ತಿ ಅಲ್ಲಿಗೆ ಹೋಗಿ ಕೂತಿದೆ. ಅಲ್ಲಿಯ ಸರ್ಕಾರಿ ಮುದ್ರಕನ ಹುದ್ದೆಯ ಹೆಸರೇ 'ಮ್ಪಿಗಚಾಪ'. ಅಲ್ಲಿ ಹೆಂಗಸರು ಉಡುವ 'ಕಾಂಗ' ಬಟ್ಟೆಯ ಅಂಚಿನಲ್ಲಿ ಸ್ವಾಹಿಲಿ ಗಾದೆಯೋ ಕೊಂಕುಮಾತೋ ಅಚ್ಚಾಗಿರುತ್ತದೆ. ಅತ್ತೆಗೆ ಹೇಳಲಾಗದ್ದನ್ನು ಸೊಸೆ ಬಟ್ಟೆಯಲ್ಲಿ ಉಟ್ಟು ಓಡಾಡಬಹುದು. ಆ ಬಟ್ಟೆಗಳು ಎಷ್ಟೋ ನಮ್ಮ ಭಾರತದ ಮಿಲ್ಲುಗಳಲ್ಲೇ ಅಚ್ಚಾಗಿ ಅಲ್ಲಿಗೆ ಹೋಗುತ್ತವೆ. ಯಾವ ದೇಶದ ಮಿಲ್ಲೇ ಆಗಲಿ, ಅಂಚಿನ ಮೇಲೆ ಅಚ್ಚಾಗುವುದು ಸ್ವಾಹಿಲಿಯೇ. ಕೊಳ್ಳುವವಳು ಓದುವ ಭಾಷೆಯಲ್ಲಿ ಅಚ್ಚು ಹಾಕಿದರೆ ಮಾತ್ರ ಸರಕು ಮಾರಾಟವಾಗುತ್ತದೆ. ನಮ್ಮಲ್ಲಿ ಹಾಲಿನ ಪ್ಯಾಕೆಟ್ಟಿನಿಂದ ಮಾತ್ರೆಯ ಚೀಟಿಯವರೆಗೆ ಕನ್ನಡ ಕೇಳಿದರೆ "ಜಾಗ ಇಲ್ಲ" ಎನ್ನುವ ಕಂಪನಿಗಳಿಗೆ ಈ ಕಾಂಗದ ಅಂಚು ತೋರಿಸಬೇಕು.

ಮರ್ಯಾದೆಯ ಮಾತು ಮೊದಲು ಕಲಿಯಿರಿ. ಹಿರಿಯರು ಎದುರಾದರೆ 'ಶಿಕಮೋ' ಅನ್ನಬೇಕು. ಪಾದ ಹಿಡಿದೆ ಎಂಬ ಅರ್ಥದಿಂದ ಬಂದ ಮಾತು ಅದು ಎನ್ನುತ್ತಾರೆ. ಅವರು 'ಮರಹಬ' ಅಂತ ಒಪ್ಪಿಕೊಳ್ಳುತ್ತಾರೆ. ವಯಸ್ಸಾದ ವಾಚ್‌ಮನ್‌ಗೂ ಇದು ಸಲ್ಲುತ್ತದೆ, ನೆನಪಿಡಿ. ಯಾರಾದರೂ ಬೆವರು ಸುರಿಸಿ ದುಡಿಯುತ್ತಿದ್ದರೆ ಪಕ್ಕದಲ್ಲಿ ಹಾದು ಹೋಗುವವನು 'ಪೋಲೆ ನ ಕಾಜಿ' ಅನ್ನುತ್ತಾನೆ. ನಿನ್ನ ದಣಿವು ನನಗೆ ಅರ್ಥವಾಗುತ್ತದಪ್ಪ ಅಂತ. ನಮ್ಮ ನಗರಗಳಲ್ಲಿ ಪೌರಕಾರ್ಮಿಕರಿಗೆ ಇಂಥ ಒಂದು ಮಾತನ್ನು ಯಾರಾದರೂ ಆಡಿದ್ದನ್ನು ಕೇಳಿದ್ದೀರಾ? ಸಂಬಂಧದ ಪದಗಳಲ್ಲಿ ಮಾತ್ರ ಹುಷಾರು! ಅಲ್ಲಿ 'ದಾದ' ಅಂದರೆ ಅಕ್ಕ. 'ಕಾಕ' ಅಂದರೆ ಅಣ್ಣ. 'ಬಾಬು' ಅಂದರೆ ತಾತ. ನಮ್ಮ ಊರಿನ ದಾದಾಗಳು ಅಲ್ಲಿಗೆ ಹೋದರೆ ಅಕ್ಕಂದಿರಾಗುತ್ತಾರೆ!

ಊಟಕ್ಕೆ ಹೆದರುವವರಿಗೆ ಒಂದು ಮಾತು. ಅವರ 'ಉಗಾಲಿ' ನಮ್ಮ ಮುದ್ದೆಯ ಅಣ್ಣ. ಜೋಳದ ಹಿಟ್ಟು ತಿರುವಿ ಮಾಡುತ್ತಾರೆ (ಮುಸುಕಿನ ಜೋಳ), ಕೈಯಲ್ಲಿ ಮುರಿದು, ಹಿಸುಕಿ, ಗೊಜ್ಜಿಗೆ ಅದ್ದಿ ತಿನ್ನುತ್ತಾರೆ. 'ಮಹರಾಗೆ' ಅಂದರೆ ಹುರುಳಿಕಾಯಿ ಬೀಜದ ಜಾತಿಯ ಕಾಳಿನ ಸಾರು, 'ವಾಲಿ' ಅಂದರೆ ಅನ್ನ. ಸಸ್ಯಾಹಾರಿ ಉಪವಾಸ ಬೀಳುವುದಿಲ್ಲ. ಮತ್ತೆ ಅಲ್ಲಿ 'ಉಲೇಜಿ' ಎಂಬ ಧಾನ್ಯದ ಗಂಜಿ ಕುಡಿಯುತ್ತಾರೆ. ಏನದು ಗೊತ್ತೇ? ರಾಗಿ! ರಾಗಿ ನಮ್ಮದು, ನಮ್ಮದು ಅಂತ ಎದೆ ತಟ್ಟಿಕೊಳ್ಳುತ್ತೇವಲ್ಲ, ರಾಗಿಯನ್ನು ಮೊದಲು ಬೆಳೆಗೆ ತಂದವರು ಪೂರ್ವ ಆಫ್ರಿಕದ ಎತ್ತರದ ನೆಲದ ರೈತರು. ಅಲ್ಲಿಂದ ಸಾವಿರಾರು ವರ್ಷಗಳ ಹಿಂದೆ ಅದು ನಮ್ಮ ಕಡೆಗೆ ಬಂತು. ಮಂಡ್ಯದ ಮುದ್ದೆಯ ತವರುಮನೆ ಆಫ್ರಿಕ ಕಣ್ರೀ. ತವರಿಗೆ ಹೋಗುವವರು ಸ್ವಲ್ಪ ವಿನಯದಿಂದ ಹೋಗಬೇಕು.

ಈ ವಿನಯದ ಮಾತು ಬಂದಾಗ ನಾವು ತಲೆ ತಗ್ಗಿಸಬೇಕಾದ ಒಂದು ರಾತ್ರಿ ಇದೆ. ಅದನ್ನು ಈ ಪತ್ರಿಕೆಯಲ್ಲಿ ಬರೆಯಬಾರದು ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. 2016ರ ಜನವರಿ 31. ಹೆಸರಘಟ್ಟ ರಸ್ತೆಯ ಕಡೆ ಸುಡಾನ್ ದೇಶದ ವಿದ್ಯಾರ್ಥಿಯೊಬ್ಬನ ಕಾರು ಹೆಂಗಸೊಬ್ಬಳಿಗೆ ಗುದ್ದಿ ಅವಳು ಸತ್ತಳು. ಆಮೇಲೆ ಅದೇ ದಾರಿಯಲ್ಲಿ ಬಂದ ಇನ್ನೊಂದು ಕಾರಿನಲ್ಲಿ ತಾಂಜಾನಿಯಾದ ವಿದ್ಯಾರ್ಥಿನಿ ಇದ್ದಳು. 21 ವರ್ಷದ ಹುಡುಗಿ. ಆ ಅಪಘಾತಕ್ಕೂ ಅವಳಿಗೂ ಯಾವ ಸಂಬಂಧವೂ ಇರಲಿಲ್ಲ. ಗುಂಪು ಅವಳ ಮೇಲೆ ಹಲ್ಲೆ ಮಾಡಿತು, ಬಟ್ಟೆ ಹರಿಯಿತು, ಕಾರಿಗೆ ಬೆಂಕಿ ಇಟ್ಟಿತು. ಸುಡಾನಿನ ರಾಜಧಾನಿಗೂ ದಾರ್ ಎಸ್ ಸಲಾಮಿಗೂ ಎರಡೂವರೆ ಸಾವಿರ ಕಿಲೋಮೀಟರ್ ದೂರ. ಬೆಂಗಳೂರಿನಿಂದ ದೆಹಲಿಗೂ ಅಷ್ಟು ದೂರವಿಲ್ಲ. ಗುಂಪಿಗೆ ಅದೆಲ್ಲ ಯಾಕೆ ಬೇಕು? ಕಪ್ಪು ಚರ್ಮ ಕಂಡಿತು, ಸಾಕಾಯಿತು. ಆ ಹುಡುಗಿಯೂ ಓದಲು ಅಂತ ದೂರದ ಉಷ್ಣದೇಶವೊಂದಕ್ಕೆ ಬಂದವಳೇ ಅಲ್ಲವೇ? ಅವಳ ಅಮ್ಮನೂ ಹೊರಡುವಾಗ ಏನೇನೋ ಕಟ್ಟಿಕೊಟ್ಟಿರುತ್ತಾಳೆ. ತಾಂಜಾನಿಯಾದ ಹೈಕಮಿಷನರು ಬೆಂಗಳೂರಿಗೆ ಬರಬೇಕಾಯಿತು, ಪೊಲೀಸರ ಅಮಾನತು ಆಯಿತು, ಬಂಧನಗಳಾದವು. ಆದರೆ ಕನ್ನಡಿಗರು ಅತಿಥಿ ಸತ್ಕಾರದವರು ಎಂದು ವೇದಿಕೆಯ ಮೇಲೆ ಹೇಳುವ ನಾವು, ಅವಳ ಪರವಾಗಿ ಬೀದಿಗಿಳಿದದ್ದು ಬಹಳ ಕಡಿಮೆ.

ಈಗ ಏಳು ವರ್ಷ ಮುಂದೆ ಬನ್ನಿ. 2023ರ ಏಪ್ರಿಲ್. ಅದೇ ಸುಡಾನಿನಲ್ಲಿ ಸೈನ್ಯದ ಎರಡು ಬಣಗಳ ನಡುವೆ ಯುದ್ಧ ಶುರುವಾಯಿತು. ಅಲ್ಲಿ ಸಿಕ್ಕಿಬಿದ್ದವರಲ್ಲಿ ನಮ್ಮ ಕರ್ನಾಟಕದ ಹಕ್ಕಿಪಿಕ್ಕಿ ಜನ ಇದ್ದರು. ಕಾಡಿನ ಬೇಟೆ ಕಾನೂನಿನಿಂದ ನಿಂತ ಮೇಲೆ ಗಿಡಮೂಲಿಕೆಯ ಎಣ್ಣೆ ಮಾಡಿ ಆಫ್ರಿಕದ ದೇಶದೇಶ ತಿರುಗಿ ಮಾರುವವರು. ಹುಣಸೂರಿನ ಪಕ್ಷಿರಾಜಪುರದಂಥ ಹಾಡಿಗಳಿಂದ ಹೊರಟವರು. ಎಷ್ಟೋ ಜನ ಶಾಲೆಯ ಮೆಟ್ಟಿಲು ಸರಿಯಾಗಿ ಹತ್ತಿದವರಲ್ಲ. ಮನೆಯಲ್ಲಿ ವಾಗ್ರಿ ಮಾತು, ಹೊರಗೆ ಕನ್ನಡ, ಸಂತೆಯಲ್ಲಿ ತಮಿಳು, ತೆಲುಗು, ಹಿಂದಿ. ಅವರನ್ನು ಕರೆತಂದ ಕಾರ್ಯಾಚರಣೆಗೆ ನಮ್ಮ ನದಿಯ ಹೆಸರೇ ಇಟ್ಟಿದ್ದರು, ಕಾವೇರಿ. ಮೂರು ಸಾವಿರದ ಎಂಟುನೂರಕ್ಕೂ ಹೆಚ್ಚು ಭಾರತೀಯರು ಅದರಲ್ಲಿ ವಾಪಸು ಬಂದರು.

ನಮ್ಮ ಐಟಿ ಹುಡುಗರು ವಿದೇಶಕ್ಕೆ ಹೋದರೆ ಪೇಪರಿನಲ್ಲಿ ಫೋಟೋ ಬರುತ್ತದೆ. ಹಕ್ಕಿಪಿಕ್ಕಿ ಹುಡುಗ ಹೋದದ್ದು ಗೊತ್ತಾದದ್ದು ಯುದ್ಧ ಆದಾಗ! ಆದರೆ ಮೊದಲ ಸಲ ವಿದೇಶಕ್ಕೆ ಹೊರಟವನು ಗುರು ಅಂತ ಇಟ್ಟುಕೊಳ್ಳಬೇಕಾದದ್ದು ಅವನನ್ನೇ. ಎಣ್ಣೆ ಮಾರಬೇಕಾದರೆ ಕೊಳ್ಳುವವಳ ಭಾಷೆಯಲ್ಲಿ ಅವಳ ತಲೆಕೂದಲ ಬಗ್ಗೆ ಮಾತಾಡಬೇಕು. "ಇಂಗ್ಲಿಷ್ ನಡೆಯುತ್ತಾ?" ಅಂತ ಕೇಳುತ್ತಾ ಕೂತರೆ ಸಂಜೆಯ ಊಟವಿಲ್ಲ.

ಕಾನೂನಿನ ವಿಚಾರಕ್ಕೆ ಬರೋಣ. ಇದು ಮುಖ್ಯ. ವಿಸಿಟಿಂಗ್ ವೀಸಾದಲ್ಲಿ ಹೋಗಿ ಕೆಲಸ ಮಾಡಿ ಎನ್ನುವ ಏಜೆಂಟನ ಮಾತು ಕೇಳಬೇಡಿ, ಸಿಕ್ಕಿಬಿದ್ದರೆ ಏಜೆಂಟ್ ಜೈಲಿಗೆ ಬರುವುದಿಲ್ಲ. ತಾಂಜಾನಿಯಾದಲ್ಲಿ ಕೆಲಸದ ಪರವಾನಗಿ ಬೇರೆ, ವಾಸದ ಪರವಾನಗಿ ಬೇರೆ. ಅಲ್ಲಿ 2015ರಲ್ಲಿ ಒಂದು ಕಾಯ್ದೆ ಬಂತು. ಹೊರದೇಶದವನನ್ನು ಕರೆಸಿಕೊಳ್ಳುವ ಮಾಲೀಕ, ಆ ಕೆಲಸವನ್ನು ಸ್ಥಳೀಯನಿಗೆ ಕಲಿಸಿ ಮುಂದೆ ಅವನಿಗೇ ವಹಿಸುವ ಯೋಜನೆಯನ್ನು ಕೊಡಬೇಕು. 2025ರ ಜುಲೈನಲ್ಲಿ ಇನ್ನೊಂದು ಆದೇಶ ಬಂತು. ಮೊಬೈಲ್ ರಿಪೇರಿ, ಮೊಬೈಲ್ ಹಣ ವರ್ಗಾವಣೆ, ಪ್ರವಾಸಿ ಗೈಡ್ ಇಂಥ 15 ಬಗೆಯ ಸಣ್ಣ ವ್ಯವಹಾರಗಳನ್ನು ಹೊರದೇಶದವರು ಮಾಡಕೂಡದು ಅಂತ. ಇದನ್ನು ಓದಿ ನಿಮಗೆ ಸಿಟ್ಟು ಬಂತೇ? ನನಗೆ ಬರಲಿಲ್ಲ. ನಾವು 1980ರ ದಶಕದ ಸರೋಜಿನಿ ಮಹಿಷಿ ವರದಿ ಹಿಡಿದು ನಾಲ್ಕು ದಶಕ ಕೂಗಿದ್ದು ಏನನ್ನು? ಈ ನೆಲದ ಕೆಲಸ ಈ ನೆಲದವರಿಗೆ ಮೊದಲು ಸಿಗಲಿ ಅಂತ ತಾನೇ? 2024ರ ಜುಲೈನಲ್ಲಿ ನಮ್ಮ ಸಚಿವ ಸಂಪುಟ ಅಂಥದ್ದೊಂದು ಮಸೂದೆಗೆ ಒಪ್ಪಿಗೆ ಕೊಟ್ಟು, ಉದ್ಯಮಿಗಳು ಹುಬ್ಬು ಗಂಟಿಕ್ಕಿದ ಕೂಡಲೇ ಎರಡೇ ದಿನದಲ್ಲಿ ತಡೆಹಿಡಿಯಿತು. ನಮ್ಮ ನಾಯಕರ ಬೆನ್ನೆಲುಬು ಎಷ್ಟಿದೆ ಅಂತ ಅಲ್ಲೇ ತಿಳಿಯಿತು. ಒಂದು ವ್ಯತ್ಯಾಸ ಇದೆ, ಒಪ್ಪುತ್ತೇನೆ. ಅವರದು ದೇಶದ ಗಡಿ, ನಮ್ಮದು ಒಂದೇ ದೇಶದೊಳಗಿನ ರಾಜ್ಯದ ಗಡಿ. ಕಾನೂನು ಬೇರೆ. ಆದರೆ ಹೊಟ್ಟೆಯ ಲೆಕ್ಕ ಬೇರೆಯಲ್ಲ.

ನಮ್ಮ ಪ್ರೆಸ್ಸಿನ ಹುಡುಗನ ವಿಚಾರದಲ್ಲಿ ಈ ಕಾನೂನಿನ ಅರ್ಥ ಏನು? ಅವನು ಅಲ್ಲಿಗೆ ಹೋಗಿರುವುದು ಮಶೀನು ಓಡಿಸುವುದಕ್ಕೆ ಮಾತ್ರವಲ್ಲ. ಅಲ್ಲಿಯ ಇಬ್ಬರು ಹುಡುಗರಿಗೆ ಮಶೀನು ಓಡಿಸುವುದನ್ನು ಕಲಿಸುವುದಕ್ಕೆ. ನೀರು ಹೆಚ್ಚಾದರೆ ಬಣ್ಣ ತೇಲುತ್ತದೆ, ಕಡಿಮೆಯಾದರೆ ಪ್ಲೇಟು ಮಸಿ ಹಿಡಿಯುತ್ತದೆ, ಕಾಗದ ತೇವ ಎಳೆದುಕೊಂಡರೆ ನಾಲ್ಕು ಬಣ್ಣ ಒಂದರ ಮೇಲೊಂದು ಕೂರುವುದಿಲ್ಲ. ದಾರ್ ಎಸ್ ಸಲಾಮ್ ಸಮುದ್ರ ದಂಡೆಯ ಊರು, ನಮ್ಮ ಮಂಗಳೂರಿನ ಹಾಗೆ ಗಾಳಿಯಲ್ಲೇ ನೀರು. ಅದರಲ್ಲೂ ಮಾರ್ಚಿಯಿಂದ ಮೇವರೆಗಿನ ದೊಡ್ಡ ಮಳೆಯಲ್ಲಿ ಕಾಗದ ನಾಲಿಗೆ ಚಾಚುತ್ತದೆ. ಇದನ್ನೆಲ್ಲ ಯಾವ ಭಾಷೆಯಲ್ಲಿ ಕಲಿಸುತ್ತೀರಿ? ಕೈಸನ್ನೆಯಲ್ಲಿ ಗುಂಡಿ ಒತ್ತುವುದನ್ನು ಕಲಿಸಬಹುದು, ಕಸುಬು ಕಲಿಸಲಾಗುವುದಿಲ್ಲ. ಭಾಷೆ ಬಾರದವನು ಕಲಿಸುವುದಿಲ್ಲ, ಕಲಿಸದವನು ಸಂಬಳ ಎಣಿಸಿಕೊಂಡು ಬರುತ್ತಾನೆ. ಅಂಥವನನ್ನು ಅಲ್ಲಿಯವರು ಏನೆಂದು ಕರೆಯುತ್ತಾರೋ, ನಾವು ಇಲ್ಲಿ ಅಂಥವರನ್ನು ಕರೆಯುವ ಹೆಸರೂ ಅದೇ.

ಪೂರ್ವ ಆಫ್ರಿಕದಲ್ಲಿ ಭಾರತೀಯರ ಹೆಸರು ಪೂರ್ತಿ ಚೊಕ್ಕವಾಗಿಲ್ಲ, ಇದೂ ಗೊತ್ತಿರಲಿ. 1896ರಿಂದ 1901ರವರೆಗೆ ಇಂಗ್ಲಿಷರು ಉಗಾಂಡ ರೈಲುದಾರಿ ಹಾಕಲು ಮೂವತ್ತು ಸಾವಿರಕ್ಕೂ ಹೆಚ್ಚು ಕೂಲಿಗಳನ್ನು ನಮ್ಮ ದೇಶದಿಂದ ಒಯ್ದರು. ಎರಡೂವರೆ ಸಾವಿರದಷ್ಟು ಜನ ಅಲ್ಲೇ ಸತ್ತರು. ಅದರ ಹಿಂದೆ ಅಂಗಡಿಯವರೂ ಹೋದರು, ಬೆಳೆದರು, ದುಡಿದು ಊರು ಕಟ್ಟಿದರು. ಆದರೆ ಬಹಳ ಜನ ತಮ್ಮದೇ ಗೋಡೆಯೊಳಗೆ ಉಳಿದರು. ಸ್ವಾಹಿಲಿ ಬಂದರೂ ಅದು ಆಳಿಗೆ ಹೇಳುವ ಸ್ವಾಹಿಲಿ. 1972ರಲ್ಲಿ ಇದಿ ಅಮೀನ್ ಎಂಬ ಕ್ರೂರಿ 90 ದಿನ ಗಡುವು ಕೊಟ್ಟು ಉಗಾಂಡದಿಂದ ಹತ್ತಾರು ಸಾವಿರ ಏಷ್ಯದವರನ್ನು ಓಡಿಸಿದ. ಅದು ಅನ್ಯಾಯ. ಅದಕ್ಕೆ ಯಾವ ಸಮರ್ಥನೆಯೂ ಇಲ್ಲ. ನಮ್ಮ ಹೋರಾಟದಲ್ಲಿ ಯಾರಾದರೂ ಅಮೀನನ ಮಾತಾಡಿದರೆ ಅವನನ್ನು ಪಕ್ಕಕ್ಕೆ ಕೂರಿಸಿ. ಆದರೆ ಆ ದಿನ ನೆರೆಯವನು ಯಾಕೆ ಬಾಗಿಲು ತೆರೆಯಲಿಲ್ಲ ಎನ್ನುವುದನ್ನೂ ಹೊರಟವರು ಯೋಚಿಸಬೇಕು.

"ಸಾರ್, ನಾವು ಹೋಗೋದು ಎರಡು ವರ್ಷಕ್ಕೆ ತಾನೆ, ಅಷ್ಟಕ್ಕೆ ಭಾಷೆ ಯಾಕೆ?" ಅಂತ ಕೇಳುವವರಿದ್ದಾರೆ. ಬೆಂಗಳೂರಿಗೆ ಬಂದವರೂ ಎರಡು ವರ್ಷಕ್ಕೆ ಅಂತಲೇ ಬಂದಿದ್ದರು. ಈಗ ಅವರ ಮಕ್ಕಳು ಇಲ್ಲೇ ಕಾಲೇಜಿಗೆ ಹೋಗುತ್ತಿದ್ದಾರೆ! ನನ್ನ ಲೆಕ್ಕ ಸರಳ. ಹತ್ತು ದಿನ ಜಿರಾಫೆ ನೋಡಲು ಹೋಗುವವನಿಗೆ ಹತ್ತು ಮಾತು ಸಾಕು. ಓದಲು ಹೋಗುವವನು, ದುಡಿಯಲು ಹೋಗುವವನು ಆರು ತಿಂಗಳಲ್ಲಿ ಸಂತೆ ಮಾಡುವಷ್ಟು, ಒಂದು ವರ್ಷದಲ್ಲಿ ಜಗಳ ಆಡುವಷ್ಟು ಕಲಿಯಬೇಕು. 2023ರಿಂದ ಮದ್ರಾಸಿನ ಐಐಟಿಯೇ ಜಾಂಜಿಬಾರಿನಲ್ಲಿ ಕಾಲೇಜು ತೆರೆದಿದೆ, ನಾಳೆ ನಿಮ್ಮಲ್ಲೇ ಯಾರಾದರೂ ಪಾಠ ಹೇಳಲು ಅಲ್ಲಿಗೆ ಹೋಗಬಹುದು.

ಇನ್ನು ಚೀಲ ಕಟ್ಟುವ ವಿಚಾರ, ಬೇಗ ಹೇಳಿ ಮುಗಿಸುತ್ತೇನೆ. 2019ರ ಜೂನ್ 1ರಿಂದ ತಾಂಜಾನಿಯಾದಲ್ಲಿ ಪ್ಲಾಸ್ಟಿಕ್ ಕೈಚೀಲ ನಿಷೇಧ. ಅಮ್ಮ ಚಟ್ನಿಪುಡಿ, ಉಪ್ಪಿನಕಾಯಿಯನ್ನು ಅಂಗಡಿಯ ಕವರಿನಲ್ಲಿ ಸುತ್ತಿಕೊಟ್ಟರೆ ಡಬ್ಬಿಗೆ ಹಾಕಿಸಿ, ಬಟ್ಟೆ ಚೀಲ ಹಿಡಿಯಿರಿ. ಹಳದಿ ಜ್ವರದ ಲಸಿಕೆ ನಿಮ್ಮ ದಾರಿಗೆ ಬೇಕೇ ಅಂತ ಮೊದಲೇ ವಿಚಾರಿಸಿ. ಹಾಕಿಸಿಕೊಂಡ ಹತ್ತು ದಿನದ ಮೇಲೇ ಆ ಸರ್ಟಿಫಿಕೇಟು ಚಾಲ್ತಿಗೆ ಬರುವುದು, ಹೊರಡುವ ಹಿಂದಿನ ದಿನ ಓಡಬೇಡಿ. ಅಲ್ಲಿಯ ಮಲೇರಿಯ ನಮ್ಮೂರಿನ ಚಳಿಜ್ವರದಂಥದಲ್ಲ, ಹೆಚ್ಚಿನಂಶ ತಲೆಗೇರುವ ಜಾತಿಯದು. ಸೊಳ್ಳೆಪರದೆ ಕಟ್ಟಿ ಮಲಗಿ. ಊರಿಗೆ ಬಂದ ಮೇಲೆ ಜ್ವರ ಬಂದರೆ ಡಾಕ್ಟರ ಮುಂದೆ ಮೊದಲು ಹೇಳಬೇಕಾದ್ದು "ಆಫ್ರಿಕದಿಂದ ಬಂದಿದ್ದೇನೆ" ಅಂತ. ಪಾಸ್‌ಪೋರ್ಟನ್ನು ಮಾಲೀಕ ಇಟ್ಟುಕೊಳ್ಳುತ್ತೇನೆ ಅಂದರೆ ಕೊಡಬೇಡಿ, ಅದು ನಿಮ್ಮದು.

ನಮ್ಮ ಹುಡುಗನ ಆ ನೋಟ್‌ಬುಕ್ಕು ಈಗ ನನ್ನ ಮೇಜಿನ ಮೇಲಿದೆ. ಕಳೆದ ಸಲ ರಜೆಗೆ ಬಂದಾಗ ಕೊಟ್ಟು ಹೋದ. ಕೈಬರಹ ಕೋಳಿ ಕೆದರಿದ ಹಾಗಿದೆ, ಆದರೆ ಪದ ಸರಿಯಾಗಿದೆ. ಅದರಲ್ಲಿ ಎಂಟುನೂರಷ್ಟು ಸ್ವಾಹಿಲಿ ಮಾತುಗಳು ಕನ್ನಡ ಅಕ್ಷರದಲ್ಲಿ, ಪಕ್ಕದಲ್ಲಿ ಕನ್ನಡ ಅರ್ಥ. ನಡುವೆ ಇಂಗ್ಲಿಷ್ ಇಲ್ಲ. ಅದನ್ನು ಒಂದು ಫಾರಂ, ಹದಿನಾರು ಪುಟದ ಕಿರುಹೊತ್ತಿಗೆ ಮಾಡಿ ಅಚ್ಚು ಹಾಕುತ್ತಿದ್ದೇನೆ. ಡಿಟಿಪಿ ಮಾಡುವ ಹುಡುಗಿ 'ಙ' ಅಕ್ಷರ ಕೀಬೋರ್ಡಿನಲ್ಲಿ ಎಲ್ಲಿದೆ ಅಂತ ಅರ್ಧ ಗಂಟೆ ಹುಡುಕಿದಳು. ಮುಂದಿನ ಸಂಚಿಕೆಯ ಹೊತ್ತಿಗೆ ಸಿದ್ಧವಾಗುತ್ತದೆ. ಆ ಕಡೆಗೆ ಹೊರಟವರು ಪಾಸ್‌ಪೋರ್ಟ್ ತೋರಿಸಿ ಪತ್ರಿಕೆಯ ಕಚೇರಿಯಲ್ಲಿ ಒಂದು ಪ್ರತಿ ತೆಗೆದುಕೊಳ್ಳಿ. ಬೆಲೆ ಇಲ್ಲ. ವಾಪಸು ಬರುವಾಗ ಹೊಸದಾಗಿ ಕಲಿತ ಇಪ್ಪತ್ತು ಪದ ಬರೆದು ತನ್ನಿ, ಎರಡನೇ ಮುದ್ರಣಕ್ಕೆ ಸೇರಿಸುತ್ತೇನೆ.